ಹಿಟ್ಟಿನ ಹೊಳಪು

ಮೊಟ್ಟೆ ಹಾಕಿದ್ದೀಯಾ ಎಂದು ನಾನು ಎರಡು ಸಲ ಕೇಳಿದ್ದೆ. ಇಷ್ಟು ವರ್ಷಗಳಾದ ಮೇಲೂ ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಇದೊಂದೇ ಮಾತು.

ತೊಂಬತ್ತರ ದಶಕ. ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಅತ್ತೆ ನನ್ನ ಬಾಣಂತನಕ್ಕೆಂದು ಬಂದಿದ್ದರು. ಈರುಳ್ಳಿಯನ್ನೂ ಮುಟ್ಟದವರು. ಮಾತಿಗೆ ಜನವಿಲ್ಲದೆ ಕೊರಗಿ, ಎರಡು ತುತ್ತು ಮೊಸರನ್ನಕ್ಕೇ ಕೈ ತೊಳೆಯುತ್ತಿದ್ದರು. ಎದುರು ಮನೆಯ, ಚೀನಾ ಕಡೆಯ ಕ್ಯಾಂಟನೀಸ್ ಹೆಂಗಸು, ನನ್ನದೇ ವಯಸ್ಸಿನವಳು, ರೆಸ್ಟೊರೆಂಟೊಂದರಲ್ಲಿ ಹಾರ್ ಗಾವ್ ಮಾಡುತ್ತಿದ್ದಳು: ಸೀಗಡಿ ತುಂಬಿ ಹಬೆಯಲ್ಲಿ ಬೇಯಿಸುವ ಪುಟ್ಟ ಕಡುಬು. ನಾನು ಕೊಟ್ಟ ಅತ್ತೆಯ ಮೋದಕದ ನೆರಿಗೆಗಳನ್ನು ಬೆರಳಿನಿಂದ ಎಣಿಸಿ ನೋಡಿದಳು. ಮುಂದಿನ ಸೋಮವಾರ ಅವಳಿಗೆ ರಜಾ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಟ್ಟು ಹಿಡಿದು ಬಂದೇಬಿಟ್ಟಳು.

"ಏನೇನು ಹಾಕಿದಾಳೆ, ಸರಿಯಾಗಿ ಕೇಳು" ಎಂದರು ಅತ್ತೆ.

ಗೋಧಿಯಿಂದ ತೆಗೆದ ಪಿಷ್ಟ, ಕುದಿಯುವ ನೀರು. ಸೀಗಡಿ ಇಲ್ಲ, ಮೊಟ್ಟೆ ಇಲ್ಲ ಎಂದಳು. ಹೂರಣ ಅತ್ತೆಯದೇ, ಬೇಯಿಸುವುದು ನಮ್ಮ ಇಡ್ಲಿ ಪಾತ್ರೆಯಲ್ಲೇ. ಕೆಲಸದಲ್ಲಿ ಅಗಲವಾದ ಚಾಕುವಿನ ಮೈಯಿಂದ ಒತ್ತುವ ಉಂಡೆಗಳನ್ನು ಅತ್ತೆಗಾಗಿ ನಮ್ಮ ಸ್ಟೀಲ್ ತಟ್ಟೆಯ ಬೆನ್ನಿನಿಂದ ಒತ್ತಿದಳು. ನೆರಿಗೆ ಒಂದೇ ಬದಿಗೆ ಬರಬೇಕು, ಇನ್ನೊಂದು ಬದಿ ನುಣ್ಣಗಿರಬೇಕು. ಅತ್ತೆ ಅಭ್ಯಾಸಬಲದಿಂದ ಸುತ್ತಲೂ ನೆರಿಗೆ ಹಿಡಿದಾಗ ಅವರ ಕೈಮೇಲೆ ಮೆಲ್ಲಗೆ ತಟ್ಟಿದಳು. ಅತ್ತೆ ನಕ್ಕರು, ಬಂದ ಮೇಲೆ ಮೊದಲ ಸಲ. ಅಂದು ಒಂಬತ್ತು ತಿಂದರು.

ಹೀಗೆ ಐದು ಸೋಮವಾರ. ಆಮೇಲೆ ನಾನೇ ಹಿಟ್ಟು ಕಲಿಯೋಣವೆಂದು ಅವಳ ಅಡುಗೆಮನೆಗೆ ಹೋದೆ. ಪಿಷ್ಟ, ಉಪ್ಪು, ಬಿಸಿನೀರು. ಕೊನೆಗೆ ಡಬ್ಬಿಯಿಂದ ಒಂದು ಚಮಚ ಬಿಳಿ ಜಿಡ್ಡು. ವನಸ್ಪತಿ ಎಂದುಕೊಂಡೆ.

"ಹಂದಿ ಕೊಬ್ಬು" ಎಂದಳು ತನ್ನ ಹರಕು ಇಂಗ್ಲಿಷಿನಲ್ಲಿ. "ಇದಿಲ್ಲದೆ ಹೊಳಪು ಬರಲ್ಲ."

ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ನನಗೆ ಸಿಟ್ಟು ಬಂದದ್ದು ಮೊದಲು ಅವಳ ಮೇಲೆ. ಆದರೆ ಮೊಟ್ಟೆಯನ್ನಷ್ಟೇ ಕೇಳಿ, ಜಿಡ್ಡಿನ ಮಾತು ಕೇಳದೇ ಹೋದವಳು ನಾನು. "ಅಮ್ಮಂಗೆ ಹೇಳ್ಬೇಡ, ಊಟಾನೇ ಬಿಟ್ಬಿಡ್ತಾರೆ" ಎಂದರು ನಮ್ಮವರು. ಅತ್ತೆಯೋ, "ಈ ಸಲ ಗಣಪತಿಗೂ ಅವಳ ಹಿಟ್ಟಲ್ಲೇ ಮೋದಕ ಮಾಡೋಣ ಕಣೆ" ಎಂದು ಉತ್ಸಾಹದಲ್ಲಿದ್ದರು.

ಸೋಮವಾರ ಅವಳು ಬಂದಳು. ಹೊಸ ಪಾತ್ರೆಯಲ್ಲಿ ಕಡಲೆಕಾಯಿ ಎಣ್ಣೆ ಹಾಕಿ ಕಲಸಿದ್ದೇನೆ, ತಪ್ಪಾಯಿತೆಂದು ಅಮ್ಮನಿಗೆ ಹೇಳು ಎಂದು ಕಣ್ಣು ತುಂಬಿಕೊಂಡಳು.

"ಏನಂತೆ?" ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

"ಮನೆ ಖಾಲಿ ಮಾಡ್ತಿದಾಳಂತೆ, ಅತ್ತೆ. ಇನ್ಮೇಲೆ ಬರೋಕಾಗಲ್ವಂತೆ."

ಅತ್ತೆ ಒಳಗಿನಿಂದ ಕುಂಕುಮದ ಬಟ್ಟಲು, ಹಸಿರು ರವಿಕೆ ಕಣ ತಂದರು. ಅವಳ ಹಣೆಗೆ ಕುಂಕುಮವಿಟ್ಟು, ಕೆನ್ನೆ ಸವರಿ ಅತ್ತರು. ಕ್ಷಮೆ ಸಿಕ್ಕಿತೆಂದು ಅವಳೂ ಅತ್ತಳು. ಹೋಗುವಾಗ ನನಗೆ ಥ್ಯಾಂಕ್ಯೂ ಎಂದಳು. ಅವಳು ಕೊಟ್ಟುಹೋದ ಹಿಟ್ಟನ್ನು ನಾನು ಕಸಕ್ಕೆ ಹಾಕಿದೆ.

ಮುಂದಿನ ಸೋಮವಾರ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲ ಕಿಂಡಿಯಿಂದ ನೋಡಿದೆ. ಅವಳು ಹಿಟ್ಟನ್ನು ಅತ್ತೆ ಕೊಟ್ಟ ಹಸಿರು ರವಿಕೆ ಕಣದಲ್ಲಿ ಸುತ್ತಿ ತಂದಿದ್ದಳು.

"ಯಾರೇ ಅದು?" ಎಂದರು ಅತ್ತೆ ಒಳಗಿನಿಂದ.

"ಯಾರೂ ಇಲ್ಲ, ಅತ್ತೆ" ಎಂದೆ.