ಅತ್ತೆ ತೇಯ್ದ ಹಾಲುಹಲ್ಲು

ಅಕ್ಕನ ಏಳು ವರ್ಷದ ಮಗಳ ಮುಂದಿನ ಹಲ್ಲು ಅಲ್ಲಾಡತೊಡಗಿದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಆಗ ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದೆ, ಮೊದಲನೇ ವರ್ಷ. ನಮ್ಮೂರು ಹರಿಹರವೇ ಆದರೂ ದಿನಾ ಬಸ್ಸಿನಲ್ಲಿ ನೇತಾಡುವುದು ಯಾರಿಗೆ ಬೇಕೆಂದು ನಿಟ್ಟುವಳ್ಳಿಯಲ್ಲಿ ಅಕ್ಕನ ಗಂಡನ ಮನೆಯಲ್ಲೇ ಉಳಿದಿದ್ದೆ. ಹಲ್ಲೊಂದನ್ನು ಉದ್ದಕ್ಕೆ ಸೀಳಿ, ಬೆಳಕು ಹಾಯುವಷ್ಟು ತೆಳ್ಳಗೆ ಕಲ್ಲಿನ ಮೇಲೆ ತೇಯ್ದು, ಗಾಜಿನ ಪಟ್ಟಿಗೆ ಅಂಟಿಸಿ ಕಾಲೇಜಿಗೆ ಒಪ್ಪಿಸಬೇಕಿತ್ತು. ಅಷ್ಟರಲ್ಲಾಗಲೇ ಎರಡು ಹಲ್ಲು ಹಾಳು ಮಾಡಿದ್ದೆ. ಇನ್ನೇನು ಮುಗಿಯಿತು ಅನ್ನುವಾಗ ಮೇಲಿನ ಎನಾಮಲ್ ಪುಡಿಪುಡಿಯಾಗಿ ಉದುರಿಬಿಡುತ್ತಿತ್ತು. ನನಗೆ ತಾಳ್ಮೆ ಕಡಿಮೆ, ಸಿಟ್ಟು ಬಂದರೆ ಕೈ ಜೋರಾಗಿ ಒತ್ತುತ್ತದೆ.

ಆದರೆ ಈ ಹಲ್ಲೇ ಬೇಕು ಅನ್ನಲು ಬೇರೆ ಕಾರಣವಿತ್ತು. ಅದರ ಮೇಲೆ, ವಸಡಿನ ಹತ್ತಿರ, ಅಡ್ಡಕ್ಕೆ ಒಂದು ಕಂದು ಪಟ್ಟಿ. ಹಲ್ಲು ಮೂಡಿದಾಗಿನಿಂದ ಇತ್ತು. ಅಕ್ಕನ ಅತ್ತೆ ಅದಕ್ಕೊಂದು ತೀರ್ಪು ಕೊಟ್ಟು ವರ್ಷಗಳಾಗಿದ್ದವು. "ಬಾಣಂತನಕ್ಕೆ ತವರಿಗೆ ಹೋದೋಳು ಕೂಸಿನ ಬಾಯಿಗೆ ಸಕ್ರಿ ನೆಕ್ಸಿ ನೆಕ್ಸಿ ಹಲ್ಲು ಕೆಡಿಸ್ಕೊಂಡು ಬಂದ್ಲು. ಆಮ್ಯಾಲೆ ಚಾಕ್ಲೇಟು. ತಾಯಿಗೆ ನಿಗಾ ಇಲ್ಲಂದ್ರ ಹಿಂಗೇ ಆಗಾದು." ಮನೆಗೆ ಯಾರೇ ಬರಲಿ, ಚಹಾದ ಜೊತೆ ಈ ಮಾತು ಬಂದೇ ಬರುತ್ತಿತ್ತು. ಅಕ್ಕ ಎದುರಾಡುತ್ತಿರಲಿಲ್ಲ. ಮಗಳ ಫೋಟೋ ತೆಗೆಯುವಾಗ ಮಾತ್ರ "ಬಾಯಿ ಮುಚ್ಚು ಪುಟ್ಟಿ" ಅನ್ನುತ್ತಿದ್ದಳು.

ಎನಾಮಲ್ ಹೇಗೆ ಆಗುತ್ತದೆ ಎಂಬ ಪಾಠ ನಡೆದ ದಿನ ನನ್ನ ಕಿವಿ ನೆಟ್ಟಗಾಯಿತು. ಅದನ್ನು ಕಟ್ಟುವ ಜೀವಕೋಶಗಳು ನೆಲ ಸಾರಿಸುವ ಹೆಂಗಸಿನ ಹಾಗೆ. ಒಂದೊಂದು ದಿನ ಒಂದಿಷ್ಟು ಬಳಿಯುತ್ತ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರುತ್ತವೆ. ಹಲ್ಲು ಹೊರಗೆ ಕಾಣಿಸುವಷ್ಟರಲ್ಲಿ ಅವು ಸತ್ತೇ ಹೋಗಿರುತ್ತವೆ. ಆಮೇಲೆ ಒಳಗೆ ಹೋಗಿ ಸರಿಮಾಡುವವರು ಯಾರೂ ಇಲ್ಲ. ಹಾಲುಹಲ್ಲಿನ ಎನಾಮಲ್ ಅರ್ಧ ತಾಯಿಯ ಹೊಟ್ಟೆಯಲ್ಲಿ, ಅರ್ಧ ಹುಟ್ಟಿದ ಮೇಲೆ ಆಗುತ್ತದಂತೆ, ಹುಟ್ಟಿದ ದಿನಕ್ಕೆ ಅದರೊಳಗೊಂದು ಗೆರೆ ಬೀಳುತ್ತದಂತೆ. ಪುಟ್ಟಿ ಎಂಟನೇ ತಿಂಗಳಿಗೇ ಹರಿಹರದಲ್ಲಿ ಹುಟ್ಟಿ, ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಬಂದು, ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು. ಆ ಕಂದು ಪಟ್ಟಿ ಆ ದಿನಗಳದ್ದೇ ಇರಬೇಕೆಂದು ನನಗೆ ಅನುಮಾನ ಬಂತು. ಆದರೆ ಅನುಮಾನ ಹಿಡಿದುಕೊಂಡು ಅತ್ತೆಯ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಕಣ್ಣಿಗೆ ಕಾಣುವಂಥದ್ದು ಬೇಕಿತ್ತು.

ಹಲ್ಲು ಬಿದ್ದದ್ದು ಎಲ್ಲಿ ಅಂತೀರಿ? ಮಂಡಕ್ಕಿ ತಟ್ಟೆಯಲ್ಲಿ! ಸಂಜೆ ಎಲ್ಲರೂ ಮೆಣಸಿನಕಾಯಿ ಮಂಡಕ್ಕಿ ತಿನ್ನುತ್ತ ಕೂತಿದ್ದೆವು. ಪುಟ್ಟಿ ಒಂದು ತುತ್ತು ಬಾಯಿಗೆ ಹಾಕಿಕೊಂಡವಳೇ ತಟ್ಟೆಗೆ ಉಗಿದು, ಬಾಯಿ ತೆರೆದು ತೋರಿಸಿದಳು. ಹಲ್ಲಿಲ್ಲ. ಬಿಳಿ ಮಂಡಕ್ಕಿಯ ರಾಶಿಯಲ್ಲಿ ಬಿಳಿ ಹಲ್ಲು! ನಾನು, ಅಕ್ಕ, ಅತ್ತೆ ಮೂವರೂ ನೆಲಕ್ಕೆ ಪೇಪರು ಹಾಸಿ, ಒಂದೊಂದೇ ಮಂಡಕ್ಕಿ ಒತ್ತಿ ನೋಡುತ್ತ ಆರಿಸಿದೆವು. ಕೊನೆಗೆ ಸಿಕ್ಕಿದ್ದು ಅತ್ತೆಗೆ.

ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. "ಸಗಣಿ ಉಂಡಿಯೊಳಗಿಟ್ಟು ಮಾಳಿಗಿ ಮ್ಯಾಲೆ ಒಗೀಬೇಕು. ಇಲ್ಲಂದ್ರ ಹೊಸ ಹಲ್ಲು ಬರಲ್ಲ."

"ಅತ್ತಿ, ನನಗೆ ಅರ್ಧ ಸಾಕ್ರಿ. ಹೆಂಗೂ ಸೀಳಾದೇ ಐತಿ. ಅರ್ಧ ನಿಮ್ಮ ಮಾಳಿಗಿಗೆ, ಅರ್ಧ ನನ್ನ ಪರೀಕ್ಷೆಗೆ."

ಅತ್ತೆ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ಅರ್ಧ ಒಗದ್ರ ಅರ್ಧ ಹಲ್ಲು ಬಂದೀತು, ನೋಡ್ಕ್ಯ ಮತ್ತ," ಎಂದರು. ಆದರೂ ಗಂಟು ಬಿಚ್ಚಿದರು.

ಮರುದಿನ ಕಾಲೇಜಿನಲ್ಲಿ ಸೀಳಿಸಿಕೊಂಡು ಬಂದು, ಅರ್ಧವನ್ನು ಅತ್ತೆಗೆ ಒಪ್ಪಿಸಿ, ಇನ್ನರ್ಧವನ್ನು ಹಿತ್ತಲ ಕಟ್ಟೆಯ ಮೇಲೆ ನೀರು ಹಾಕಿ ನುಣ್ಣನೆಯ ಕಲ್ಲಿಗೆ ಉಜ್ಜತೊಡಗಿದೆ. ಹತ್ತು ನಿಮಿಷಕ್ಕೇ ಬೆವರು. ಹಿಂದೆ ನಿಂತು ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಅಯ್ಯ, ಇದೇನ್ ಪಾತ್ರಿ ತಿಕ್ಕಿದಂಗೆ ತಿಕ್ತೀಯವ್ವ! ಸರಿ ಅತ್ಲಾಗ."

ನನ್ನನ್ನು ಪಕ್ಕಕ್ಕೆ ತಳ್ಳಿ ಕೂತೇಬಿಟ್ಟರು. ಪುಟ್ಟಿ ಕೂಸಾಗಿದ್ದಾಗ ಅವಳ ನಾಲಿಗೆಗೆ ದಿನಾ ಬಜೆ ತೇಯ್ದು ಹಚ್ಚಿದ ಕೈ ಅದು. ಒಂದೇ ಬೆರಳು, ಭಾರವೇ ಇಲ್ಲ, ಸುತ್ತ ಸುತ್ತ ತಿರುಗುತ್ತಿತ್ತು. "ಬಜಿ ಆದ್ರೂ ಹಲ್ಲಾದ್ರೂ ಕಲ್ಲು ತಾನೇ ತಿನ್ನಬೇಕು, ನಾವು ಒತ್ತಬಾರ್ದು," ಅಂದರು. ಎರಡು ಸಂಜೆ ತೇಯ್ದರು. ನಡುನಡುವೆ ಎತ್ತಿ ಬೆಳಕಿಗೆ ಹಿಡಿದು ನೋಡುವುದು, ಮತ್ತೆ ತೇಯುವುದು. ತಾವು ಏನನ್ನು ತೇಯುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ, ಕಳ್ಳಿ! ಎರಡನೇ ಸಂಜೆ ಅದು ಈರುಳ್ಳಿ ಸಿಪ್ಪೆಯಷ್ಟಾಗಿ ಅವರ ಬೆರಳಿಗೆ ಅಂಟಿಕೊಂಡಿತ್ತು. ಒಂದು ಚೂರೂ ಉದುರಿರಲಿಲ್ಲ.

ಕಾಲೇಜಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಕಿರುಚುವುದೊಂದು ಬಾಕಿ. ಮೊದಲು ಒತ್ತೊತ್ತಾಗಿ ನಿಂತ ಸಣ್ಣ ಕಂಬಗಳು, ಅಚ್ಚುಕಟ್ಟಾಗಿ. ಆಮೇಲೆ ಒಂದು ಕಪ್ಪು ಗೆರೆ. ಗೆರೆ ದಾಟಿದ ಕೂಡಲೇ ಕಂಬಗಳೆಲ್ಲ ಚೆಲ್ಲಾಪಿಲ್ಲಿ. ಅದರಾಚೆ ಮತ್ತೆ ನೆಟ್ಟಗೆ. ಪಾಠ ಮಾಡುವ ಮೇಡಂ ಬಂದು ನೋಡಿ, ಗೆರೆ ಹುಟ್ಟಿದ ದಿನದ್ದೇ, ಕೆಟ್ಟದ್ದು ಅದರ ನಂತರದ ಕೆಲವು ವಾರಗಳಲ್ಲಿ ಎಂದರು. ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಟೋ ಹತ್ತಿ ಮನೆಗೆ ಓಡಿಬಂದೆ.

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡು ಮೊಬೈಲು ಹಿಡಿದರು. ನಾನು ಬೆರಳಿಟ್ಟು ತೋರಿಸಿದೆ. "ಇದು ಹೊಟ್ಟಿಯೊಳಗಿದ್ದಾಗಿಂದು. ಈ ಗೆರಿ ಹುಟ್ಟಿದ ದಿನ. ಇದು ಗಾಜಿನ ಪೆಟ್ಟಿಗಿ."

"ಚಾಕ್ಲೇಟು ಯಾವ್ದು?"

"ಚಾಕ್ಲೇಟು ಎಲ್ಲೂ ಇಲ್ಲ ಅತ್ತಿ. ಇದಾದಾಗ ಹಲ್ಲು ಇನ್ನೂ ವಸಡಿನೊಳಗಿತ್ತು. ಕೂಸು ಸಾಯ್ತದೋ ಉಳೀತದೋ ಅಂತಿದ್ವಿ."

"ಮತ್ತ ಈ ನೆಟ್ಟಗಿರಾದು?"

"ಅಕ್ಕ ಮನೆಗೆ ಕರ್ಕೊಂಡು ಬಂದು ಹಾಲು ಕುಡಿಸಿದ ಮ್ಯಾಲಿಂದು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಆ ಫೋಟೋವನ್ನು ಮತ್ತೆ ಮತ್ತೆ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ನಮ್ಮ ಅತ್ತೆ ಸೊಸೆಯ ಹತ್ತಿರ ತಪ್ಪಾಯಿತು ಅನ್ನುವ ಪೈಕಿಯವರಲ್ಲ. ಅವತ್ತೂ ಅನ್ನಲಿಲ್ಲ. ಮೊಬೈಲು ಹಿಡಿದುಕೊಂಡೇ ಎದ್ದು ಅಂಗಳಕ್ಕೆ ಹೋಗಿ, ಎಷ್ಟೋ ವರ್ಷ ತಮ್ಮ ದೂರು ಕೇಳಿಸಿಕೊಂಡಿದ್ದ ಪಕ್ಕದ ಮನೆಯಾಕೆಯನ್ನು ಕಾಂಪೌಂಡಿನಾಚೆಯಿಂದ ಕೂಗಿದರು.

"ಏನ್ರೀ, ಇಲ್ ಬರ್ರಿ! ಕೂಸಿನ ಹಲ್ಲು ಕೆಡಿಸಿದ್ದು ನಮ್ಮ ಸೊಸಿ ಅಲ್ಲ್ರೀ. ಉಳಿಸಿದ್ದೇ ಅಕಿ. ಬರ್ರಿ, ಇಲ್ಲಿ ಬರದೈತಿ, ನಾನೇ ತೇಯ್ದೀನಿ!"

ಅಕ್ಕ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು, ಪೂರ್ತಿ ಕೇಳಿಸಿಕೊಳ್ಳಲು.