ಯಲ್ಲಪ್ಪ ಮರೆತಿರಲಿಲ್ಲ

ನಾನು ಸುಳ್ಳು ಹೇಳಿದ್ದೆ. ನೀರಗಂಟಿ ಯಲ್ಲಪ್ಪ ಅವತ್ತು ಬೆಳಗ್ಗೆ ಊರಿನ ಕುಡಿಯುವ ನೀರಿನ ಕೆರೆಗೆ ಬ್ಲೀಚಿಂಗ್ ಪುಡಿ ಹಾಕಿದ್ದ. ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೂ ಪುರಸಭೆಯ ಅಧ್ಯಕ್ಷೆಯಾಗಿ, ತುಂಬಿದ ಸಭೆಯಲ್ಲಿ ಎದ್ದು ನಿಂತು, ಅವನು ಹಾಕಿಲ್ಲ ಎಂದೆ. ಅವನ ಕೆಲಸ ಹೋಯಿತು. ನನಗೆ ಮರುವರ್ಷ ಶಾಲು ಹೊದಿಸಿದರು.

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಈಗ ಯಾಕೆ ಹೇಳುತ್ತಿದ್ದೇನೆ ಎಂದು ನೀವು ಕೇಳಬಹುದು. ಕೇಳಲೇಬೇಕು.

ಹೋದ ತಿಂಗಳು ನಮ್ಮೂರ ಕಾಲೇಜಿನ ಮೇಷ್ಟ್ರೊಬ್ಬರು ಮನೆಗೆ ಬಂದಿದ್ದರು. ಪುರಸಭೆಯ ಸ್ಮರಣಸಂಚಿಕೆ ತರುತ್ತಿದ್ದಾರಂತೆ. "ಗಿರಿಜಕ್ಕಾರ, ನಿಮ್ಮ ಕಾಲದಾಗ ಊರಿಗೆ ಉದ್ಯೋಗ ಬಂತು, ಪರಿಸರಾನೂ ಉಳೀತು. ಎರಡೂ ಕೂಡಿ ಮಾಡಿದವರು ನೀವೊಬ್ಬರ. ಅದನ್ನ ನೀವ ಬರೀಬೇಕ್ರಿ" ಎಂದರು. ಒಪ್ಪಿಕೊಂಡೆ. ಸಂತೆಯಲ್ಲಿ ಪ್ಲಾಸ್ಟಿಕ್ ಚೀಲ ನಿಲ್ಲಿಸಿದ್ದು, ಹುಬ್ಬಳ್ಳಿ ರಸ್ತೆಯ ಎರಡೂ ಬದಿ ಬೇವು ನೆಡಿಸಿದ್ದು, ಓಣಿ ಓಣಿಗೆ ಕಸದ ಗಾಡಿ ಬಂದದ್ದು — ಒಂದೇ ಉಸಿರಿಗೆ ಎರಡು ಪುಟ ಬರೆದೆ. ಆಮೇಲೆ ಬಣ್ಣದ ಕಾರ್ಖಾನೆಯ ಸಂಗತಿ ಬಂತು. ಅದರ ಹಿಂದೆಯೇ ಕೆರೆ. "ಕೆರೆಯ ನೀರನ್ನು ಕಾಪಾಡಲಾಯಿತು" ಎಂದು ಬರೆದು ಪೆನ್ನು ಕೆಳಗಿಟ್ಟೆ. ನನ್ನ ಮೇಜಿನ ಮೇಲೆ ಹುಬ್ಬಳ್ಳಿಯಿಂದ ತರಿಸಿದ ನೀರಿನ ಕ್ಯಾನು ಇತ್ತು. ಹನ್ನೊಂದು ವರ್ಷದಿಂದ ನಾನು ಊರಿನ ನೀರು ಕುಡಿದಿಲ್ಲ. ಬಂದವರಿಗೆ ಮಾತ್ರ ನಲ್ಲಿಯ ನೀರನ್ನೇ ಕೊಟ್ಟಿದ್ದೇನೆ. ಆ ಮೇಷ್ಟ್ರಿಗೂ.

ಆದದ್ದು ಇಷ್ಟು. ನಮ್ಮ ಭಾಗದ ಬಾವಿಗಳು ಸವಳು, ಬರೀ ಉಪ್ಪುನೀರು, ನಿಮಗೇ ಗೊತ್ತು. ಕಾಲುವೆಯಿಂದ ತುಂಬಿಸುವ ಆ ಒಂದು ಕೆರೆಯೇ ಊರಿಗೆ ಕುಡಿಯುವ ನೀರು. ನಾನು ಅಧ್ಯಕ್ಷೆಯಾದಾಗ ಹೆಂಗಸರ ಕೈಗೆ ಕೆಲಸವಿರಲಿಲ್ಲ. ಹತ್ತಿ ಬಿಡಿಸುವ ಎರಡು ತಿಂಗಳು ಬಿಟ್ಟರೆ ಉಳಿದ ದಿನವೆಲ್ಲ ಕಟ್ಟೆಯ ಮೇಲೆ ಕುಳಿತಿರಬೇಕು. ನವಲಗುಂದಕ್ಕೆ ಜಮಖಾನೆಯಿಂದ ಹೆಸರು ಬಂದ ಹಾಗೆ ನಮ್ಮೂರಿಗೂ ಏನಾದರೂ ಬರಲಿ ಎಂಬ ಹುಚ್ಚು ನನಗೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯವನೊಬ್ಬ ಜಾಗ ಹುಡುಕುತ್ತಿದ್ದಾನೆಂದು ತಿಳಿದು ನಾನೇ ಹೋಗಿ ಕರೆತಂದೆ. ಕೆರೆಯ ಮೇಲ್ಗಡೆ ಪುರಸಭೆಯ ಬಯಲು ಖಾಲಿ ಇತ್ತು. ಅಲ್ಲಿ ಬೇಡವೆಂದು ಒಂದಿಬ್ಬರು ಸದಸ್ಯರು ಹೇಳಿದರು. ನಾನು ಕೇಳಲಿಲ್ಲ. ಕೆಳಗಿನೋಣಿಯ ಹೆಂಗಸರೆಲ್ಲ ಅಲ್ಲಿ ಕೆಲಸಕ್ಕೆ ಸೇರಿದರು. ಗಂಡನನ್ನು ಕಳೆದುಕೊಂಡ ಕಾಶವ್ವ ಮೊದಲ ಪಗಾರದ ದಿನ ಪೇಢೆ ತಂದು ನನ್ನ ಬಾಯಿಗಿಟ್ಟು ಅತ್ತಳು. ಅದು ಸುಳ್ಳಲ್ಲ. ಆ ಸಂತೋಷ — ಅದನ್ನು ಈಗಲೂ ಸುಳ್ಳೆನ್ನಲಾರೆ.

ಎರಡನೆಯ ಬೇಸಿಗೆಯಲ್ಲಿ ಯಲ್ಲಪ್ಪ ನಮ್ಮ ಮನೆಗೆ ಬಂದ. ಕೆರೆ ಕಾಯುವುದು, ಔಷಧಿ ಹಾಕುವುದು, ವಾಲ್ವ್ ತಿರುಗಿಸಿ ಓಣಿಗಳಿಗೆ ನೀರು ಬಿಡುವುದು ಅವನ ಕೆಲಸ. ದಿನಗೂಲಿಯವನು, ಹದಿನೆಂಟು ವರ್ಷದಿಂದ. ಒಳಗೆ ಬಾ ಎಂದರೂ ಬಾರದೆ ಮೆಟ್ಟಿಲ ಮೇಲೆ ನಿಂತು ಒಂದು ಬಾಟಲಿ ಎತ್ತಿ ಹಿಡಿದ. ನೀರು ತೆಳ್ಳಗೆ ಕೆಂಪಾಗಿತ್ತು, ಕುಂಕುಮದ ಕೈ ಅದ್ದಿದ ಹಾಗೆ.

"ಅಕ್ಕಾರ, ಕಾರ್ಖಾನಿ ಗಟಾರ ಒಡದೈತ್ರಿ. ನೀರು ಕೆರಿಗೆ ಇಳ್ಯಾಕ ಹತ್ತೈತಿ. ನಳದಾಗಿನ್ನೂ ಬಣ್ಣ ಕಾಣಂಗಿಲ್ಲ. ಇವತ್ತ ಬಂದ್ ಮಾಡಸ್ರಿ."

"ಯಾರಿಗರೆ ತೋರಿಸಿಯೇನು?"

"ಇಲ್ರಿ. ಮೊದಲ ನಿಮ್ಮ ಕಡೆ ಬಂದೀನಿ."

"ಯಾರಿಗೂ ತೋರಿಸಬ್ಯಾಡ. ನಾ ನೋಡ್ಕೋತೀನಿ."

ಅವನು ನಂಬಿದ. ನಂಬಿ ಹೋದ.

ಮಾಲೀಕನಿಗೆ ಫೋನು ಮಾಡಿದೆ. ದೊಡ್ಡ ಆರ್ಡರು ನಡೆದಿದೆ, ಒಂದು ವಾರ ತಡೆಯಿರಿ, ಈಗ ನಿಲ್ಲಿಸಿದರೆ ಕಾರ್ಖಾನೆಯನ್ನೇ ಬೇರೆ ಊರಿಗೆ ಒಯ್ಯಬೇಕಾಗುತ್ತದೆ ಎಂದ. ನನ್ನ ಕಣ್ಣ ಮುಂದೆ ಕಾಶವ್ವ ಬಂದಳು — ಅಥವಾ ಕಾಶವ್ವನನ್ನು ನಾನೇ ಕರೆದು ನಿಲ್ಲಿಸಿಕೊಂಡೆನೋ. ಅವಳ ಹಿಂದೆ ನನ್ನ ಹೆಸರೂ ನಿಂತಿತ್ತು. ತಡೆದೆ.

ಐದನೆಯ ದಿನಕ್ಕೆ ಮೂರು ಓಣಿಗಳಲ್ಲಿ ವಾಂತಿ ಶುರುವಾಯಿತು. ಮಕ್ಕಳ ಮೈಮೇಲೆ ಗುಳ್ಳೆ ಎದ್ದವು. ಒಂದು ಹಸುಗೂಸನ್ನು ಹುಬ್ಬಳ್ಳಿಗೆ ಒಯ್ದರು. ಉಳಿಯಿತು, ದೇವರ ದಯೆ. ನನ್ನ ದಯೆಯಂತೂ ಅಲ್ಲ. ಅಂದೇ ಗಟಾರ ಒಡೆದಲ್ಲಿ ಮಣ್ಣಿನ ಒಡ್ಡು ಹಾಕಿಸಿದೆ, ಕೆರೆಗೆ ಕಾಲುವೆಯ ಹೊಸ ನೀರು ಬಿಡಿಸಿದೆ. ಪರೀಕ್ಷೆಗೆ ಕಳಿಸಿದ್ದು ಆ ಹೊಸ ನೀರನ್ನು. ಮರುದಿನ ಸಭೆ. ಹೊರಗೆ ಜನ ಕಿಟಕಿಗೆ ಜೋತುಬಿದ್ದಿದ್ದರು. ಯಾರೋ ಕೂಗಿ ಕೇಳಿದರು — ನೀರಿಗೆ ಏನಾಗಿತ್ತು, ಹೇಳ್ರಿ.

ನಾನು ಎದ್ದೆ. ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಹೀಗೆ ಹೇಳಿದರೆ ನನ್ನ ತಪ್ಪು ಕಡಿಮೆಯಾಗುವುದಿಲ್ಲ, ನಿಜ.

"ನೀರಗಂಟಿ ಬ್ಲೀಚಿಂಗ್ ಹಾಕೂದು ಮರ್ತಾನ" ಎಂದೆ.

ಅಷ್ಟೇ ಮಾತು. ಬಾಗಿಲ ಬಳಿ ನಿಂತಿದ್ದ ಯಲ್ಲಪ್ಪ ತಲೆಯೆತ್ತಿ ನನ್ನನ್ನು ನೋಡಿದ. ವಾಂತಿ ಶುರುವಾಗುವ ಮುಂಚಿನ ದಿನ ಬೆಳಗ್ಗೆ ನಾನು ಕೆರೆಯ ದಂಡೆಯ ಮೇಲೆ ಅಡ್ಡಾಡಲು ಹೋಗಿದ್ದೆ. ಅವನು ಮೂಗಿಗೆ ಟವಲು ಕಟ್ಟಿಕೊಂಡು ಪುಡಿ ಹಾಕುತ್ತಿದ್ದವನು ನನ್ನನ್ನು ಕಂಡು ಬಿಳಿಯಾದ ಕೈಯೆತ್ತಿ ನಮಸ್ಕಾರ ಮಾಡಿದ್ದ. ಅದು ನಮ್ಮಿಬ್ಬರಿಗೂ ನೆನಪಿತ್ತು. ಬಾಟಲಿಯ ಸಂಗತಿ ಅವನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದ್ದರೂ ಊರು ಯಾರ ಮಾತು ನಂಬುತ್ತಿತ್ತು? ನನ್ನ ಮನೆತನ, ನನ್ನ ಓಣಿ, ನನ್ನ ಕುರ್ಚಿ — ಇವೆಲ್ಲದರ ತೂಕ ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆ ಧೈರ್ಯದಿಂದಲೇ ಮಾತಾಡಿದ್ದೆ ನಾನು.

ಅವನ ಮನೆಯ ಮೇಲೆ ಯಾರೋ ಕಲ್ಲು ಎಸೆದರೆಂದು ಕೇಳಿದೆ. ತಿಂಗಳೊಳಗೆ ಗಂಡ ಹೆಂಡತಿ ಇಬ್ಬರೂ ಮಗಳ ಊರಾದ ದುಮ್ಮವಾಡಕ್ಕೆ ಹೋದರು. ನಾನು ಕಾರ್ಖಾನೆಯ ಗಟಾರವನ್ನು ಕೆರೆಯಿಂದ ತಪ್ಪಿಸಿ, ಊರ ಕೆಳಗಿನ ಹಳ್ಳಕ್ಕೆ ತಿರುಗಿಸಿದೆ. ಇದನ್ನೇ ಎಲ್ಲರೂ ಕೆರೆ ಉಳಿಸಿದ ಕೆಲಸ ಎನ್ನುತ್ತಾರೆ. ಕಾರ್ಖಾನೆಯಲ್ಲಿ ನೀರು ಶುದ್ಧ ಮಾಡುವ ತೊಟ್ಟಿ ಒಂದುಂಟು. ತಪಾಸಣೆಗೆ ಬಂದಾಗ ಮಾತ್ರ ನಡೆಯುತ್ತಿತ್ತು. ಹಳ್ಳ ಇಷ್ಟು ವರ್ಷವೂ ಬಣ್ಣದಲ್ಲೇ ಹರಿಯಿತು.

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ... ಮದುವೆಗೆ ಕರೆಯುತ್ತಿದ್ದರು, ಮುಂದಿನ ಸಾಲಿನಲ್ಲಿ ಕೂಡಿಸುತ್ತಿದ್ದರು. ಎಲ್ಲರ ನಡುವೆ ಇದ್ದೂ ಒಬ್ಬಳೇ ಇದ್ದೆ. ಯಜಮಾನರು ಬದುಕಿದ್ದಾಗ ಅವರಿಗೂ ಹೇಳಲಿಲ್ಲ. ಯಾರಾದರೂ ಮನಸ್ಸು ಬಿಚ್ಚಿ ಮಾತಾಡಲು ಹತ್ತಿರ ಬಂದರೆ ನಾನೇ ಚಹಾದ ನೆಪ ಮಾಡಿ ಒಳಗೆ ಹೋಗುತ್ತಿದ್ದೆ. ಹತ್ತಿರ ಬಂದರೆ ಕಂಡುಬಿಡುತ್ತದೆ ಎಂಬ ಭಯ.

ಸ್ಮರಣಸಂಚಿಕೆಗೆ ಬರೆದ ಪುಟಗಳನ್ನು ಹರಿದು ಹಾಕಿದ ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ದುಮ್ಮವಾಡ. ಯಲ್ಲಪ್ಪ ಮಗಳ ಮನೆಯ ಮುಂದೆ ಕುಳಿತು ಸೋಯಾಬೀನ್ ಹಸನು ಮಾಡುತ್ತಿದ್ದ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಅದರ ಪಕ್ಕದಲ್ಲಿ ಅವನ ಹೆಂಡತಿಯದು, ಅದಕ್ಕೆ ಹಾರ ಹಾಕಿದ್ದರು. ಎದ್ದು ಚಾಪೆ ಹಾಸಿ "ಕೂಡ್ರಿ ಅಕ್ಕಾರ" ಎಂದ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಹೋದವು. "ನೀ ಅವತ್ತ ಬ್ಲೀಚಿಂಗ್ ಹಾಕಿದ್ದಿ ಯಲ್ಲಪ್ಪ. ನಾ ನೋಡಿದ್ದೆ. ಸುಳ್ಳ ಹೇಳಿದೆ" ಎಂದೆ.

ಅವನ ಕೈ ಮೊರದ ಮೇಲೆ ನಿಂತಿತು. ಅದನ್ನು ಪಕ್ಕಕ್ಕಿಟ್ಟ.

"ಹಾಕಿದ್ದೆ ಹೌದಲ್ರಿ?"

ನನ್ನನ್ನೇ ಕೇಳಿದ. ನಾನು ತಲೆಯಾಡಿಸಿದೆ.

"ಮೊದಮೊದಲ ನನಗ ಖಾತ್ರಿ ಇತ್ರಿ. ಆಮ್ಯಾಲೆ ಮಂದಿ ಅಂದದ್ದನ್ನ ಅಂದಂಗ — ಒಂದೊಂದ ಸಲ ನನಗ ಅನಸೂದು, ಮರ್ತಿದ್ನೋ ಏನೋ. ಆ ಕೂಸಿನ ಮಾರಿ ಕಣ್ಮುಂದ ಬರೂದು. ನನ್ನ ಹೇಣ್ತಿ ಸಾಯೂಮುಂದನೂ ಕೇಳಿದಳ್ರಿ, ಖರೇ ಹೇಳ್ರಿ, ಮರ್ತಿದ್ರೇನು ಅಂತ. ನನಗ ಇಲ್ಲ ಅನ್ನಾಕ ಆಗಲಿಲ್ಲ."

ಅವನ ಕೆಲಸ ಕಿತ್ತುಕೊಂಡೆ ಎಂದಷ್ಟೇ ಇಷ್ಟು ವರ್ಷ ನಾನು ತಿಳಿದಿದ್ದೆ. ಅವನ ನೆನಪನ್ನೂ, ಅವನಿಗೆ ತನ್ನ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ — ಅದು ನನಗೆ ದುಮ್ಮವಾಡದಲ್ಲೇ ತಿಳಿದದ್ದು. ಮಾಫಿ ಕೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದು, "ನನಗ ಹೇಳಿ ಏನ್ ಮಾಡ್ತೀರಿ. ಊರಾಗ ಹೇಳಿದ್ರಿ, ಊರಾಗ ಹೇಳ್ರಿ" ಎಂದ.

ಹೇಳಿದೆ. ನಡೆದದ್ದನ್ನೆಲ್ಲ ಬರೆದು ಕಳಿಸಿದೆ, ಸ್ಮರಣಸಂಚಿಕೆಯವರು ತಿರುಗಿ ಕಳಿಸಿದರು. ಪುರಸಭೆಯ ಸಭೆಗೆ ಹೋಗಿ, ಅನುಮತಿ ಕೇಳಿ, ಬರೆದದ್ದನ್ನು ನಿಂತು ಓದಿದೆ. ಸಹಿ ಮಾಡಿ ಒಂದು ಪ್ರತಿ ಅಲ್ಲಿಯೇ ಕೊಟ್ಟೆ. ಹಳ್ಳದ ಸಂಗತಿಯನ್ನೂ ಬಿಡಲಿಲ್ಲ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ವಾರದೊಳಗೆ ಕಾರ್ಖಾನೆಗೆ ಬೀಗ ಬಿತ್ತು, ತೊಟ್ಟಿ ಸರಿಯಾಗುವವರೆಗೆ ಎಂದು. ಕಾಶವ್ವ ಮನೆಗೆ ಬಂದಳು. ಕೂಡಲಿಲ್ಲ.

"ನೀವು ಹೇಳಿದ್ದು ಖರೇ ಇರಬಹುದು ಅಕ್ಕಾ. ಆದ್ರ ನಾವೇನು ತಪ್ಪ ಮಾಡಿದ್ವಿ?"

ಹನ್ನೊಂದು ವರ್ಷದ ಹಿಂದೆ ಆ ವಾರ ಬಾಗಿಲು ಹಾಕಿಸಿ ಗಟಾರ ಸರಿ ಮಾಡಿಸಿದ್ದರೆ ಅವಳಿಗೆ ಕೆಲಸವೂ ಇರುತ್ತಿತ್ತು, ಯಲ್ಲಪ್ಪನಿಗೆ ಊರೂ ಇರುತ್ತಿತ್ತು. ಬರೀ ಒಂದು ವಾರ. ಅವಳು ಹೋದ ಮೇಲೆ ನನ್ನ ಮನೆಯ ಮೆಟ್ಟಿಲು ಯಾರೂ ಹತ್ತಿಲ್ಲ. ಅದು ನ್ಯಾಯವೇ.

ಹಳ್ಳದ ಕೆಳಗೆ ಎರಡು ಮೈಲಿ ದೂರದಲ್ಲಿ ಒಂದು ಸಣ್ಣ ಊರಿದೆ. ಅಲ್ಲಿಯ ದನಕರುಗಳು ಆ ನೀರನ್ನೇ ಕುಡಿಯುತ್ತವೆ, ಹೆಂಗಸರು ಅಲ್ಲಿಯೇ ಬಟ್ಟೆ ಒಗೆಯುತ್ತಾರೆ. ಬಣ್ಣ ಎಲ್ಲಿಂದ ಬರುತ್ತಿತ್ತು, ಅದನ್ನು ತಮ್ಮ ಕಡೆಗೆ ತಿರುಗಿಸಿದವರು ಯಾರು ಎಂದು ಅವರಿಗೆ ಯಾರೂ ಹೇಳಿಲ್ಲ. ಸೋಮವಾರ ಬೆಳಗ್ಗೆ ಹೋಗುತ್ತೇನೆ. ಜೊತೆಗೆ ಬನ್ನಿ ಎಂದು ಯಾರನ್ನೂ ಕರೆದಿಲ್ಲ.