ರುಮಾಲಿಲ್ಲದ ಅಜ್ಜ

ವಿಜಾಪುರದ ನಮ್ಮ ಬಟ್ಟೆ ಅಂಗಡಿಯನ್ನು ತಮ್ಮನ ಮೊಮ್ಮಗ ಹೊಸದಾಗಿ ಕಟ್ಟಿಸಿ, ಗೋಡೆಗೆ ನನ್ನಜ್ಜನ ಬರಿತಲೆಯ ಫೋಟೋ ಹಾಕಿದ್ದಾನೆ. ಅದನ್ನು ಕಂಡದ್ದೇ ಕೋರಾ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು.

ಆಗ ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲ್ ಇತ್ತು. ಸೋದರತ್ತೆಯ ಮದುವೆಯಲ್ಲಿ ಬೀಗರಿಗೆ ಕೊಡಲೆಂದು ಅಜ್ಜ ಬಿಳಿ ಬಟ್ಟೆಯ ಥಾನನ್ನು ಗಾದಿಯ ಕೆಳಗೆ ಅಡಗಿಸಿ, ಮೇಲೆ ನನ್ನನ್ನು ಕೂರಿಸಿದ್ದ. ಹೆಣಕ್ಕೆ ಹೊದಿಸುವ ಬಟ್ಟೆ ಕೇಳಿದವರಿಗೆ ನಮ್ಮ ಅಂಗಡಿಯಲ್ಲಿ ಎಂದೂ ಇಲ್ಲ ಎನ್ನುತ್ತಿರಲಿಲ್ಲ. ಅದಕ್ಕೆ ಕತ್ತರಿ ಹಾಕದೆ ಕೈಯಿಂದಲೇ ಹರಿದು ಕೊಡುತ್ತಿದ್ದರು.

ಒಂದು ಮಧ್ಯಾಹ್ನ ಕನಮಡಿಯ ರೈತನೊಬ್ಬ ಬಂದ. "ಅವ್ವ ತೀರ್ಕೊಂಡಾಳ್ರಿ. ಒಂದ ತುಂಡು ಬಿಳಿ ಅರಿವಿ ಕೊಡ್ರಿ."

"ಇಲ್ಲೋ ಯಪ್ಪಾ, ಎಲ್ಲಾ ಖಾಲಿ ಆಗೇತಿ," ಎಂದ ಅಜ್ಜ, ನನ್ನ ಕಡೆ ನೋಡದೆ.

ರೈತ ತಲೆಯ ರುಮಾಲು ಬಿಚ್ಚಿ ಮಡಚಿದ. "ಇರ್ಲಿ ಬಿಡ್ರಿ. ಇದನ್ನ ಹೊದಸ್ತೇನಿ." ಬರಿತಲೆಯಲ್ಲೇ ಬಿಸಿಲಿಗೆ ಇಳಿದು ಹೋದ.

ಅತ್ತೆಯ ಮದುವೆಯಲ್ಲಿ ಅಜ್ಜ ರುಮಾಲು ಸುತ್ತಲಿಲ್ಲ. ಬೀಗರು ಮುನಿಸಿಕೊಂಡರು. ಸಾಯುವವರೆಗೂ ಅವನು ಮತ್ತೆ ಸುತ್ತಲೇ ಇಲ್ಲ.

"ಅಜ್ಜಿ, ಆಗಿನ ಕಾಲದಾಗ ಬರಿತಲಿ! ಎಷ್ಟ ಮಾಡರ್ನ್ ಇದ್ದ ನೋಡು ನಿಮ್ಮಜ್ಜ," ಎಂದು ಮೊಮ್ಮಗ ಫೋಟೋ ತೋರಿಸಿ ಗಿರಾಕಿಗಳೆದುರು ಹೆಮ್ಮೆಪಟ್ಟ.

"ಹೂಂ," ಎಂದೆ. "ಅವಂಗ ಧಗಿ ಭಾಳ ಆಗ್ತಿತ್ತು."